ನಿದ್ದೆಯಲ್ಲಿ ಬಳಿದ ಕಪ್ಪು

ಮಾರ್ಚ್ 2, ಭಾನುವಾರ

ಇವತ್ತು ನನ್ನ ತಂಗಿ ನನ್ನ ತಲೆಗೆ ಮಸಿ ಬಳಿದಳು. ಮಾತಿಗೆ ಹೇಳುತ್ತಿಲ್ಲ, ಬ್ರಷ್ಷು ಹಿಡಿದು ನಿಜವಾಗಿಯೂ ಬಳಿದಳು.

ಕೂದಲಿನ ತುದಿ ಒಂದಿಷ್ಟು ಕತ್ತರಿಸಿಕೊಂಡು ಬರೋಣವೆಂದು ಅವಳ ಪಾರ್ಲರಿಗೆ ಹೋಗಿದ್ದೆ. ಹಿಂದಕ್ಕೆ ವಾಲುವ ಕುರ್ಚಿಯಲ್ಲಿ ಕೂರಿಸಿ ಬೆಚ್ಚನೆಯ ನೀರಿನಲ್ಲಿ ತಲೆ ತೊಳೆದಳು. ಅಮ್ಮ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ, ಹನ್ನೊಂದು ವರ್ಷ, ಅವಳ ತಲೆಯನ್ನು ನಾನು ತೊಳೆಯುತ್ತಿದ್ದೇನೆ, ನನ್ನ ತಲೆಯನ್ನು ಇನ್ನೊಬ್ಬರು ಮುಟ್ಟಿದ್ದು ಯಾವಾಗ ಎಂದು ನೆನಪೂ ಇಲ್ಲ. ಕಣ್ಣು ಎಳೆದುಕೊಂಡು ಹೋಯಿತು. ಎಚ್ಚರವಾದಾಗ ಕನ್ನಡಿಯಲ್ಲಿ ಯಾವಳೋ ಕೂತಿದ್ದಳು. ತಲೆಗೆ ಬೂಟ್ ಪಾಲಿಷ್ ತಿಕ್ಕಿದ ಹಾಗೆ ಮಿರಮಿರ ಮಿಂಚುತ್ತಿತ್ತು.

"ಸರ್‌ಪ್ರೈಸ್, ಅಕ್ಕಾ! ಒಂದೇ ಏಟಿಗೆ ಹದಿನೈದು ವರ್ಷ ಕಮ್ಮಿ ಆಯ್ತು ನೋಡು."

"ನಾನು ಕೇಳಿದ್ನೇನೇ?"

"ಕೇಳಿದ್ರೆ ನೀನು ಒಪ್ತಿದ್ಯಾ? ಅದಕ್ಕೇ ನಿದ್ದೇಲಿ ಹಾಕ್ದೆ."

ಮೂವತ್ತೆರಡಕ್ಕೇ ನನ್ನ ತಲೆ ಪೂರ್ತಿ ಬೆಳ್ಳಗಾಗಿತ್ತು. ನಮ್ಮಮ್ಮನ ಕಡೆಯ ಹೆಂಗಸರೆಲ್ಲ ಹಾಗೆಯೇ. ಈಗ ಐವತ್ತೊಂದು. ಹತ್ತೊಂಬತ್ತು ವರ್ಷ ಆ ಬಿಳಿಯನ್ನು ಹೊತ್ತು ತಿರುಗಿದ್ದೇನೆ, ಒಬ್ಬರ ಹತ್ತಿರವೂ ಬಣ್ಣ ಬೇಡಿಲ್ಲ.

ಬೈದುಕೊಂಡೇ ಮನೆಗೆ ಬಂದೆ. ಅಮ್ಮ ಕೋಲೂರಿಕೊಂಡು ಬಂದು ಬಾಗಿಲು ತೆಗೆದಳು. ಮುಖ ಊರಗಲ ಮಾಡಿಕೊಂಡು, "ಪುಟ್ಟೀ! ಬಾರೇ, ಬಾ ಬಾ. ಎಷ್ಟು ದಿನ ಆಯ್ತೇ ನಿನ್ನ ನೋಡಿ!" ಎಂದಳು.

ಪುಟ್ಟಿ ಎಂದರೆ ನನ್ನ ತಂಗಿ.

"ಅಮ್ಮಾ, ನಾನು ಕಣೆ. ದೊಡ್ಡೋಳು."

"ದೊಡ್ಡೋಳು ಕೆಳಗೆ ಅಂಗಡೀಲಿದ್ದಾಳೆ. ಈಗ ಬರ್ತಾಳೆ, ನೀನು ಕೂತ್ಕೋ," ಎಂದು ಕುರ್ಚಿಯನ್ನು ತನ್ನ ಸೆರಗಿನಿಂದ ಒರೆಸಿದಳು.

ಅಮ್ಮನಿಗೆ ಮರೆವು ಶುರುವಾಗಿ ಎರಡು ವರ್ಷ. ಒಲೆ ಮರೆತಳು, ವಾರ ಮರೆತಳು, ಅಪ್ಪ ಹೋದದ್ದನ್ನೂ ಮರೆತಳು. ನನ್ನನ್ನು ಮಾತ್ರ ಮರೆತಿರಲಿಲ್ಲ. ಡಾಕ್ಟರು ಹೇಳಿದ್ದರು: "ಮನೇಲಿ ಏನೂ ಬದಲಾಯಿಸ್ಬೇಡಿ. ಒಂದು ಗುರುತು ತಪ್ಪಿ ಹೋದ್ರೆ ಮತ್ತೆ ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ." ಅದಕ್ಕೆಂದೇ ನಾನು ಹರಿದ ಪರದೆಯನ್ನೂ ಬದಲಾಯಿಸದೆ ಇಟ್ಟಿದ್ದೇನೆ. ಈ ಮಾತು ತಂಗಿಗೂ ಗೊತ್ತು. ಡಾಕ್ಟರ ಮುಂದೆ ಅವಳೂ ಕೂತು ತಲೆ ಆಡಿಸಿದ್ದಳು.

ಇದಕ್ಕೆ ತಕ್ಕ ಶಾಸ್ತಿ ಮಾಡದಿದ್ದರೆ ನಾನು ನನ್ನ ಅಮ್ಮನ ಮಗಳೇ ಅಲ್ಲ.

ಮಾರ್ಚ್ 3, ಸೋಮವಾರ

ನಮ್ಮ ಲಾಂಡ್ರಿ ಈ ಕಟ್ಟಡದ ಕೆಳಗೇ ಇದೆ, ಮನೆ ಎರಡನೇ ಮಹಡಿ. ಗಂಟೆಗೊಮ್ಮೆ ಮೇಲೆ ಹೋಗಿ ಅಮ್ಮನನ್ನು ನೋಡಿ ಬರುತ್ತೇನೆ. ಈ ನೋಟ್‌ಬುಕ್ಕನ್ನು ಅಂಗಡಿಯ ಡ್ರಾಯರಿನಲ್ಲೇ ಇಡುವುದು, ಮೇಲೆ ಇಟ್ಟರೆ ಅಮ್ಮ ಹಾಳೆ ಹರಿದು ದೋಣಿ ಮಾಡುತ್ತಾಳೆ.

ಇಸ್ತ್ರಿಯವನು ನನ್ನನ್ನು ನೋಡಿ ಪೆಟ್ಟಿಗೆಯನ್ನು ಹಾಗೆಯೇ ಹಿಡಿದುಕೊಂಡು ನಿಂತ. "ಏನು ಬೇಕಿತ್ತು ಮೇಡಂ? ಬಟ್ಟೆ ಕೊಡಕ್ಕಾ, ತಗೊಳಕ್ಕಾ?"

"ನಿನ್ನ ತಲೆ ಬೇಕಿತ್ತು."

"ಅಯ್ಯೋ, ಅಕ್ಕಾವ್ರಾ! ಬಾಯಿ ತೆಗೆದ್ರಲ್ಲ, ಈಗ ಗೊತ್ತಾಯ್ತು ಬಿಡಿ."

ನೋಡಿ, ಅವನಿಗೆ ಬಾಯಿಯಿಂದಲಾದರೂ ಗುರುತು ಸಿಕ್ಕಿತು. ಅಮ್ಮನಿಗೆ ಅದೂ ಸಿಗಲಿಲ್ಲ.

ನಾನು ಇಲ್ಲಿ ಇಪ್ಪತ್ತಾರು ವರ್ಷದಿಂದ ಕಲೆ ತೆಗೆಯುವವಳು. ಶಾಯಿ, ರಕ್ತ, ತುಕ್ಕು, ಗ್ರೀಸು, ಲಿಪ್‌ಸ್ಟಿಕ್, ಯಾವುದೇ ಇರಲಿ, ಈ ಊರಿನಲ್ಲಿ ಬೇರೆಯವರ ಕೈಯಲ್ಲಿ ಹೋಗದ ಕಲೆ ನನ್ನ ಮೇಜಿಗೆ ಬರುತ್ತದೆ. ತಂಗಿಯ ಪಾರ್ಲರಿನ ಟವೆಲುಗಳೂ ಇಲ್ಲಿಗೇ ಬರುತ್ತವೆ. ವಾರಕ್ಕೊಂದು ಮೂಟೆ ಕೌಂಟರಿನ ಮೇಲೆ ಎಸೆದು, "ಟೈಮಿಲ್ಲ ಅಕ್ಕಾ, ಮೇಲೆ ಇನ್ನೊಂದು ಸಲ ಬರ್ತೀನಿ, ಅಮ್ಮಂಗೆ ಹೇಳು," ಎಂದು ಹೋಗಿಬಿಡುತ್ತಾಳೆ. ಎಂಟು ವರ್ಷ ಅವಳ ಬಣ್ಣವನ್ನು ಟವೆಲಿನಿಂದ ತೆಗೆದಿದ್ದೇನೆ. ನನ್ನ ತಲೆಯಿಂದ ತೆಗೆಯಲಾರೆನೇ?

ಯಾವ ಕಲೆಗಾದರೂ ಮೊದಲು ಮೂರು ಪ್ರಶ್ನೆ: ಏನು, ಯಾವಾಗ, ಆಮೇಲೆ ಯಾರಾದರೂ ಕೈ ಹಾಕಿದ್ದಾರಾ. ಫೋನು ಮಾಡಿ ಕೇಳಿದೆ.

"ನಮ್ಮಲ್ಲಿರೋದ್ರಲ್ಲೇ ಸ್ಟ್ರಾಂಗ್ ಕಲರ್ ಅಕ್ಕಾ. ನಿನ್ನ ಬಿಳಿ ಹಟ ಹಿಡಿಯುತ್ತಲ್ಲ, ಅದಕ್ಕೇ. ನೀನು ತಿಪ್ಪರಲಾಗ ಹಾಕಿದ್ರೂ ಹೋಗಲ್ಲ."

"ನೀನೂ ಅದನ್ನೇ ಹಾಕ್ಕೊಳೋದಾ?"

"ಇಲ್ಲಪ್ಪ, ನಂಗೆ ನೆತ್ತಿ ಕೆರೆಯುತ್ತೆ. ನಂದು ಲೈಟು, ಮೂರು ವಾರಕ್ಕೊಂದು ಸಲ."

ತನಗೆ ಮೆತ್ತನೆಯದು, ನನಗೆ ಡಾಂಬರು. ಅಮ್ಮ ನನ್ನನ್ನು ಗುರುತಿಸಲಿಲ್ಲವೆಂದು ಅವಳಿಗೆ ಹೇಳಲಿಲ್ಲ. ಹೇಳುವುದೂ ಇಲ್ಲ. ಅಮ್ಮ ತನ್ನ ಹೆಸರು ಕರೆದಳೆಂದು ಒಳಗೊಳಗೇ ಖುಷಿಪಟ್ಟರೆ ನನಗೆ ತಡೆದುಕೊಳ್ಳಲಾಗದು.

ಮಾರ್ಚ್ 5, ಬುಧವಾರ

ತಲೆಹೊಟ್ಟಿನ ಶಾಂಪೂವಿಗೆ ಅಡುಗೆ ಸೋಡಾ ಕಲಸಿ ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಮೂರು ಸಲ ತೊಳೆದೆ. ನೀರು ಕಂದು ಬಂತು, ಟವೆಲು ಬೂದು ಬಣ್ಣವಾಯಿತು, ತಲೆ ಮಾತ್ರ ಕಪ್ಪಿಗೆ ಕಪ್ಪು. ನೆತ್ತಿ ಉರಿಯುತ್ತಿದೆ. ಹೊಟ್ಟೆ ಅದಕ್ಕಿಂತ ಹೆಚ್ಚು ಉರಿಯುತ್ತಿದೆ.

ಅಮ್ಮ ತಟ್ಟೆಯ ಮುಂದೆ ಕೂತು ಬಾಗಿಲು ನೋಡುತ್ತಾಳೆ. "ದೊಡ್ಡೋಳು ಬರಲಿ, ತಿಂತೀನಿ." ನಿನ್ನೆ ಮಧ್ಯಾಹ್ನ ಹಾಗೆಯೇ ಎದ್ದು ಹೋದಳು. ಇವತ್ತು ನಾನೇ ಸೋತು, "ದೊಡ್ಡೋಳೇ ನನ್ನ ಕಳಿಸಿದ್ದು ಕಣಮ್ಮ, ಅಮ್ಮಂಗೆ ತಿನ್ನಿಸು ಅಂತ," ಎಂದೆ. ಬಾಯಿ ತೆರೆದಳು. ಪುಟ್ಟಿಯ ಕೈಯಿಂದಾದ್ದರಿಂದ ಎರಡು ತುತ್ತು ಜಾಸ್ತಿಯೇ ಹೋಯಿತು.

ತಂಗಿಗೆ ಏನು ಮಾಡಬಹುದೆಂದು ಇಡೀ ದಿನ ಯೋಚಿಸಿದೆ. ಒಗೆಯಲು ಬರುವ ಅವಳ ಪಾರ್ಲರಿನ ಬಿಳಿ ಕೋಟುಗಳನ್ನೆಲ್ಲ ಗುಲಾಬಿ ಮಾಡಿ ಕಳಿಸಬಹುದು. ಸಾಲದು.

ಮಾರ್ಚ್ 8, ಶನಿವಾರ

ಅಮ್ಮನ ಬಾಯಿಂದ ಇವತ್ತು ಇದನ್ನೂ ಕೇಳಿದ್ದಾಯಿತು.

ಅಮ್ಮನ ಉಗುರು ಕತ್ತರಿಸುತ್ತಿದ್ದೆ. ಅಮ್ಮ ಆ ಕಡೆ ಈ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಂದು, "ಪುಟ್ಟಿ, ನಾನು ಹೇಳ್ದೆ ಅಂತ ಹೇಳ್ಬೇಡ. ದೊಡ್ಡೋಳು ತುಂಬಾ ಜೋರು ಕಣೇ," ಎಂದಳು.

"ಏನು ಮಾಡ್ತಾಳೆ?"

"ಬೈತಾಳೆ. ಹಾಸಿಗೆ ಒದ್ದೆ ಆದ್ರೆ ಬೈತಾಳೆ. ಸ್ನಾನ ಮಾಡ್ಸೋವಾಗ ಬೆನ್ನು ಹೇಗೆ ತಿಕ್ತಾಳೆ ಗೊತ್ತಾ? ಕಾಲರ್ ತಿಕ್ಕಿದ ಹಾಗೆ. ನಾನೇನು ಶರ್ಟಾ?"

ಹನ್ನೊಂದು ವರ್ಷ! ಮದುವೆಯ ಮಾತು ಬಂದಾಗ, "ಅಮ್ಮನನ್ನು ಯಾರು ನೋಡುತ್ತಾರೆ?" ಎಂದು ಬೇಡವೆಂದವಳು ನಾನು. ಇವಳ ಹಾಸಿಗೆ ಒಗೆದವಳು ನಾನು, ಕಾಲು ಒತ್ತಿದವಳು ನಾನು. ತಿಂಗಳಿಗೊಮ್ಮೆ ನಾಲ್ಕು ಸೇಬು ಹಿಡಿದುಕೊಂಡು ಬಂದು ಫೋಟೋ ತೆಗೆದುಕೊಂಡು ಹೋಗುವವಳು ಒಳ್ಳೆಯವಳು, ನಾನು ಜೋರು!

ಹೌದು, ಬೈದಿದ್ದೇನೆ. ದಿನಕ್ಕೆ ಮೂರು ಸಲ ಹಾಸಿಗೆ ಬದಲಾಯಿಸಿ ನೋಡಲಿ, ಯಾರು ಬೈಯುವುದಿಲ್ಲವೋ ನೋಡೋಣ. ತಂಗಿಯನ್ನು ಒಂದೇ ಒಂದು ತಿಂಗಳು ನನ್ನ ಜಾಗದಲ್ಲಿ ನಿಲ್ಲಿಸಬೇಕು. ಅಮ್ಮ ಅವಳ ಮುಖ ನೋಡಿ ಹೆದರಬೇಕು. ಅದನ್ನು ನಾನು ಕಣ್ಣಾರೆ ನೋಡಬೇಕು. ಬೇರೆ ಯಾವ ಶಿಕ್ಷೆಯೂ ಇದಕ್ಕೆ ಸಮವಲ್ಲ.

ಮಾರ್ಚ್ 11, ಮಂಗಳವಾರ

ಔಷಧಿ ಅಂಗಡಿಯಾಕೆ ಒಂದು ದಾರಿ ಹೇಳಿಕೊಟ್ಟಳು. ವಿಟಮಿನ್ ಸಿ ಮಾತ್ರೆಯನ್ನು ಪುಡಿ ಮಾಡಿ ಶಾಂಪೂವಿನಲ್ಲಿ ಕಲಸಿ ಹಚ್ಚಿ, ಪ್ಲಾಸ್ಟಿಕ್ ಕಟ್ಟಿಕೊಂಡು ಒಂದು ಗಂಟೆ ಬಿಡಬೇಕಂತೆ. "ಲೈಟ್ ಕಲರ್ ಆದ್ರೆ ಗ್ಯಾರಂಟಿ ಹೋಗುತ್ತೆ. ಸ್ಟ್ರಾಂಗ್ ಆದ್ರೆ ದೇವರೇ ಗತಿ."

ಒಳಗಿನ ಹೊಲಿಗೆಯ ಮೇಲೆ ಮೊದಲು ಪರೀಕ್ಷೆ ಮಾಡುವುದು ನಮ್ಮ ಪದ್ಧತಿ. ಕತ್ತಿನ ಹಿಂದೆ ಒಂದು ಎಳೆಗೆ ಹಚ್ಚಿ ನೋಡಿದೆ. ಕಪ್ಪು ಹೋಗಿ ಕಾಫಿ ಬಣ್ಣ ಬಂತು. ಇಡೀ ತಲೆಗೆ ಹಚ್ಚಿದ್ದಕ್ಕೆ ಅಲ್ಲಲ್ಲಿ ಕಾಫಿ, ಅಲ್ಲಲ್ಲಿ ಕಪ್ಪು. ಹಸು ಎಂದುಕೊಳ್ಳಬೇಕು ಯಾರಾದರೂ.

ಕುತೂಹಲಕ್ಕೆ ಅದೇ ಹಿಟ್ಟನ್ನು ತಂಗಿಯ ಟವೆಲುಗಳ ಮೇಲೂ ಹಚ್ಚಿದೆ. ಗಿರಾಕಿಗಳ ಕಪ್ಪು ಜಪ್ಪಯ್ಯ ಎಂದರೂ ಹೋಗಲಿಲ್ಲ. ಹೂವಿನ ಅಂಚಿನ ಟವೆಲೊಂದಿದೆ, ಅದು ಅವಳ ಸ್ವಂತದ್ದು. ಅದರ ಮೇಲಿನ ಕಲೆ ಇಪ್ಪತ್ತು ನಿಮಿಷಕ್ಕೆ ಮಾಯ.

ಆ ಟವೆಲನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಇಸ್ತ್ರಿಯವನು, "ಏನಕ್ಕಾ, ಒಬ್ಬೊಬ್ಬರೇ ನಗ್ತಿದೀರಾ?" ಎಂದ.

ಮಾರ್ಚ್ 15, ಶನಿವಾರ

ಅಮ್ಮನ ಬೆನ್ನನ್ನು ಈಗ ಅಂಗೈಯಲ್ಲಿ ಮೆಲ್ಲಗೆ ಉಜ್ಜುತ್ತೇನೆ. ಪುಟ್ಟಿಯ ಕೈ ಮೆತ್ತಗಿರಬೇಕಲ್ಲ, ಇಲ್ಲದಿದ್ದರೆ ಅನುಮಾನ ಬರುತ್ತದೆ. ಧ್ವನಿಯನ್ನೂ ತಗ್ಗಿಸಬೇಕು.

ಅಮ್ಮ ಮಧ್ಯಾಹ್ನ ಮಲಗುವುದನ್ನು ಬಿಟ್ಟಿದ್ದಾಳೆ. ಮಗಳು ಬಂದಿದ್ದಾಳಲ್ಲ, ಮಾತಾಡಬೇಕಂತೆ. ತಲೆ ಬಾಚಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾಳೆ. ಚಿಕ್ಕಂದಿನಲ್ಲಿ ನಾನು ಹಾಲಿನ ಪಾತ್ರೆಯೊಳಗೆ ತಲೆ ಸಿಕ್ಕಿಸಿಕೊಂಡ ಕಥೆಯನ್ನು ಇವತ್ತು ನಾಲ್ಕು ಸಲ ಹೇಳಿದಳು. ನಾಲ್ಕು ಸಲವೂ ಆ ತಲೆ ನನ್ನದೇ. "ದೊಡ್ಡೋಳು ಅಳಲೇ ಇಲ್ಲ ಕಣೇ, ಪಾತ್ರೆ ಒಳಗಿಂದ ನಂಗೇ ಬೈದ್ಲು!" ನಾಲ್ಕನೇ ಸಲವೂ ನನಗೆ ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

ತಲೆಗೆ ಏನೂ ಹಚ್ಚಲಿಲ್ಲ. ನೆತ್ತಿಗೂ ಒಂದಿಷ್ಟು ಬಿಡುವು ಬೇಕು.

ಮಾರ್ಚ್ 19, ಬುಧವಾರ

ತಂಗಿ ಮೂಟೆ ಎಸೆಯಲು ಬಂದಿದ್ದಳು. ನನ್ನ ತಲೆ ನೋಡಿ ಕಿಸಕ್ಕನೆ ನಕ್ಕಳು.

"ಏನಕ್ಕಾ ಇದು, ಬೆಕ್ಕಿನ ಮರಿ ಥರ! ನಾನು ಹೇಳಿರ್ಲಿಲ್ವಾ? ಬಾ, ಮತ್ತೆ ಒಂದು ಕೋಟ್ ಹೊಡೀತೀನಿ."

"ಮೇಲೆ ಹೋಗಿ ಅಮ್ಮನ್ನ ನೋಡು."

"ಮದುವೆ ಸೀಸನ್ ಅಕ್ಕಾ, ನಿಂತಲ್ಲೇ ನಿಂತಿರ್ತೀನಿ, ಒಂದು ಲೋಟ ನೀರಿಗೂ ಪುರುಸೊತ್ತಿಲ್ಲ. ಮೂವತ್ತಕ್ಕೆ ಗ್ಯಾರಂಟಿ ಬರ್ತೀನಿ. ಅಮ್ಮ ಹೇಗಿದ್ದಾಳೆ?"

"ನಿಂದೇ ಜಪ ಮಾಡ್ತಿದ್ದಾಳೆ."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಮಾರ್ಚ್ 23, ಭಾನುವಾರ

ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಔಷಧಿ ಅಂಗಡಿಯಾಕೆ ತರಿಸಿಕೊಟ್ಟ ಬಣ್ಣ ತೆಗೆಯುವ ಪೆಟ್ಟಿಗೆಯನ್ನು ಇವತ್ತು ಒಡೆದೆ. ಎರಡು ಬಾಟಲಿ, ಕೊಳೆತ ಮೊಟ್ಟೆಯ ನಾತ. ಅಮ್ಮ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಬಾತ್‌ರೂಮಿನಲ್ಲಿ ಕೂತು ಹಚ್ಚಿದೆ, ಹೇಳಿದಷ್ಟು ಹೊತ್ತು ಬಿಟ್ಟೆ, ತೊಳೆದೆ. ಕನ್ನಡಿ ನೋಡಿದರೆ ಕಪ್ಪು ಇಲ್ಲ! ಬಿಳಿ, ನನ್ನ ಬಿಳಿ. ಒಂದಿಷ್ಟು ಹಳದಿ ಛಾಯೆ ಇತ್ತು, ಅಷ್ಟೇ.

ಅಷ್ಟಕ್ಕೆ ಬಿಡಬೇಕಿತ್ತು. ಆದರೆ ಇಪ್ಪತ್ತಾರು ವರ್ಷದ ಕೈ ಸುಮ್ಮನಿರುತ್ತದೆಯೇ? ಹಳೆಯ ಬಿಳಿ ಶರ್ಟು ಹಳದಿ ಉಳಿಸಿಕೊಂಡರೆ ಕೊನೆಗೆ ಪೆರಾಕ್ಸೈಡ್ ನೀರಿನಲ್ಲಿ ಒಂದು ಸಲ ಒರೆಸುತ್ತೇವೆ. ಅದು ನಮ್ಮ ಕೊನೆಯ ಹಂತ, ಅದಿಲ್ಲದೆ ಬಟ್ಟೆಯನ್ನು ನಾನು ಹ್ಯಾಂಗರಿಗೆ ಹಾಕುವುದೇ ಇಲ್ಲ. ಹತ್ತಿಯಲ್ಲಿ ಅದ್ದಿಕೊಂಡು ತಲೆಯೆಲ್ಲ ಒರೆಸಿದೆ.

ಆಗಲೇ ಅಮ್ಮ ಬಾಗಿಲಿಗೆ ಬಂದು ನಿಂತಳು. ನನ್ನನ್ನು ನೋಡಿದಳು. ಮುಖ ಹೇಗೋ ಆಯಿತು.

"ದೊಡ್ಡೋಳೇ. ಬಂದ್ಯಾ?"

"ಬಂದೆ ಅಮ್ಮ."

"ಎಲ್ಲಿಗೆ ಹೋಗಿದ್ದೆ ಹೇಳ್ದೆ ಕೇಳ್ದೆ?"

"ಎಲ್ಲೂ ಹೋಗಿರ್ಲಿಲ್ಲ ಕಣೆ. ತಲೆ ಒರೆಸ್ಕೊಂಡು ಬರ್ತೀನಿ, ಎರಡೇ ನಿಮಿಷ. ಹೋಗಿ ಕೂತ್ಕೋ."

ಎರಡೇ ನಿಮಿಷ ಎಂದೆ. ಟವೆಲು ಬಿಚ್ಚುವ ಹೊತ್ತಿಗೆ ಕಂದು, ಒಣಗುವ ಹೊತ್ತಿಗೆ ಕಪ್ಪು. ಪೆಟ್ಟಿಗೆಯೊಳಗಿನ ಚೀಟಿಯನ್ನು ಆಮೇಲೆ ಓದಿದೆ. ಈ ಔಷಧಿ ಬಣ್ಣವನ್ನು ಕೊಲ್ಲುವುದಿಲ್ಲವಂತೆ, ಮಂಕು ಮಾಡುತ್ತದೆಯಂತೆ. ಅರ್ಧ ಗಂಟೆ ನೀರು ಬಿಟ್ಟು ಹೊರಗೆ ಹಾಕದಿದ್ದರೆ, ಪೆರಾಕ್ಸೈಡ್ ತಾಗಿದ ಕೂಡಲೇ ಎದ್ದು ಕೂರುತ್ತದೆಯಂತೆ. ಅಡುಗೆ ಮಾಡುವ ಹೆಂಗಸೋ, ಟೀಚರೋ ಆಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಕಲೆ ತೆಗೆಯುವವಳೇ ಮಾಡಬೇಕು ಇದನ್ನು.

ಹೊರಗೆ ಬಂದಾಗ ಅಮ್ಮ ನನ್ನ ಹಿಂದೆ ಇಣುಕಿ ನೋಡಿದಳು. "ಪುಟ್ಟಿ, ದೊಡ್ಡೋಳು ಒಳಗಿದ್ಲಲ್ಲ, ಎಲ್ಲಿ?"

ಬಾತ್‌ರೂಮಿನೊಳಗೆ ಹೋಗಿ ಬಕೆಟ್ಟಿನ ಹಿಂದೆಯೂ ಹುಡುಕಿದಳು.

ಮಾರ್ಚ್ 24, ಸೋಮವಾರ

ಬೆಳಗ್ಗೆಯಿಂದ ಒಂದೇ ಮಾತು: "ಬಂದಿದ್ಲು, ಹೋಗ್ಬಿಟ್ಲು. ನಾನೇನೋ ಅಂದಿರ್ಬೇಕು."

ತಂಗಿಯನ್ನು ನಾನು ಬಿಡುವುದಿಲ್ಲ.

ಮಾರ್ಚ್ 27, ಗುರುವಾರ

ಇನ್ನೊಂದು ಪೆಟ್ಟಿಗೆ ತರಿಸಲೇ ಎಂದು ಔಷಧಿ ಅಂಗಡಿಯಾಕೆ ಕೇಳಿದಳು. ಬೇಡವೆಂದೆ. ಕೂದಲು ಹಗ್ಗದ ಹಾಗಾಗಿದೆ, ಇನ್ನೊಂದು ಸಲ ಹಚ್ಚಿದರೆ ಉದುರುತ್ತದೆ. ಅಲ್ಲದೆ ನನಗೆ ಈಗ ಬೇರೆ ಕೆಲಸವಿದೆ. ಬುಡದಲ್ಲಿ ಬಿಳಿ ಗೆರೆ ಇಣುಕುತ್ತಿತ್ತು, ಅಮ್ಮ ಎರಡು ಸಲ ಅದನ್ನೇ ದಿಟ್ಟಿಸಿ ನೋಡಿ ಗಲಿಬಿಲಿಗೊಂಡಳು. ಸ್ಕಾರ್ಫು ಕಟ್ಟಿಕೊಂಡೆ. ಪಾಪ, ಯಾಕೆ ಸುಮ್ಮನೆ ಗೊಂದಲ.

ಇವತ್ತು ಅಮ್ಮ ನನ್ನ ಕೆನ್ನೆ ಹಿಂಡಿದಳು. ಯಾಕೆ ಎಂದರೆ, "ಸುಮ್ನೆ" ಎಂದಳು. ಬುದ್ಧಿ ಬಂದಾಗಿನಿಂದ ನನ್ನ ಕೆನ್ನೆಯನ್ನು ಯಾರೂ ಹಿಂಡಿದ್ದಿಲ್ಲ. ಅವಳ ಕಿರಿಮಗಳ ಕೆನ್ನೆ ಅದು, ನನ್ನದಲ್ಲ, ಗೊತ್ತು. ಹಾಗಿದ್ದರೂ ಊಟದ ಹೊತ್ತಿನ ತನಕ ಮುಖ ತೊಳೆಯಲಿಲ್ಲ.

ಭಾನುವಾರದ ತಯಾರಿ ಆಗಿದೆ. ಮೂವತ್ತು ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಡಬ್ಬಿಯಲ್ಲಿ ಹಾಕಿದ್ದೇನೆ. ಕಿತ್ತಳೆ ವಾಸನೆ ಘಮ್ಮೆನ್ನುತ್ತದೆ. ಫೋನು ಮಾಡಿ, "ಬಾರೇ, ಕಿತ್ತಳೆ ಸಿಪ್ಪೆ ಪ್ಯಾಕ್ ಹಾಕಿ ತಲೆ ತೊಳೆದು ಕಳಿಸ್ತೀನಿ, ನಿನಗೂ ಯಾರು ಮಾಡ್ತಾರೆ," ಎಂದೆ. "ನಿಜವಾಗ್ಲೂ ಅಕ್ಕಾ?" ಎಂದಳು. ನಿಜವಾಗಿಯೂ ಎಂದೆ.

ಅವಳ ಕಪ್ಪಿನ ಅಡಿಯಲ್ಲಿರುವುದೂ ನನ್ನದೇ ಬಿಳಿ. ನಮ್ಮಿಬ್ಬರದೂ ಒಂದೇ ಮುಖ, ಒಂದೇ ಎತ್ತರ. ಅದು ಹೊರಗೆ ಬರಲಿ. ಅಮ್ಮ ಅವಳನ್ನು ನೋಡಿ ದೊಡ್ಡೋಳು ಎಂದು ಬೆಚ್ಚಿ ಬೀಳಲಿ. "ಬೈಬೇಡ ಕಣೇ" ಎಂದು ಮೂಲೆಗೆ ಸರಿಯಲಿ. ಅಮ್ಮನ ಮುದ್ದಿನ ಪುಟ್ಟಿ ಅದನ್ನು ನಿಂತು ಅನುಭವಿಸಲಿ. ಆಮೇಲೆ ನಾನು ಹೇಳುತ್ತೇನೆ, ಸರ್‌ಪ್ರೈಸ್ ಎಂದು.

ಮಾರ್ಚ್ 30, ಭಾನುವಾರ

ಅಂಗಡಿಗೆ ಇವತ್ತು ರಜೆ. ಬೀಗ ತೆಗೆದು ಒಳಗೆ ಕೂತು ಬರೆಯುತ್ತಿದ್ದೇನೆ. ಶಟರು ಅರ್ಧ ಎತ್ತಿದೆ, ಬೆಳಕಿಗೆ ಅಷ್ಟು ಸಾಕು.

ತಂಗಿ ಎರಡು ಗಂಟೆಗೆ ಬಂದಳು. ಅಮ್ಮ ಊಟ ಮಾಡಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಎಬ್ಬಿಸುವುದು ಬೇಡ ಎಂದೆ. ಹಿಂದಿನ ವರಾಂಡದಲ್ಲಿ ಕುರ್ಚಿ ಹಾಕಿ, ಟಬ್ಬಿನ ಅಂಚಿಗೆ ಟವೆಲು ಸುತ್ತಿ, ಅವಳ ಕತ್ತನ್ನು ಅದರ ಮೇಲೆ ಒರಗಿಸಿದೆ. ಚಪ್ಪಲಿ ಬಿಟ್ಟಳು. ಪಾದಗಳು ಊದಿ ಹಿಟ್ಟಿನ ಹಾಗಾಗಿದ್ದವು, ಬೆರಳಿನಿಂದ ಒತ್ತಿದರೆ ಗುಳಿ ಬೀಳುವಂತಿದ್ದವು. ಕೈಬೆರಳ ಸಂದುಗಳೆಲ್ಲ ಬಣ್ಣ ಹಿಡಿದು ಕಪ್ಪಾಗಿದ್ದವು. ನೋಡಿದೆ, ಅಷ್ಟೇ. ಅಯ್ಯೋ ಎನ್ನಲಿಲ್ಲ.

"ಎಷ್ಟು ಚೆನ್ನಾಗಿ ತಿಕ್ತೀಯ ಅಕ್ಕಾ. ನಿನ್ನ ಕೈ ಇಷ್ಟು ಮೆತ್ತಗೆ ಯಾವಾಗ ಆಯ್ತು?" ಎಂದಳು. ಮಾತು ಮುಗಿಯುವ ಮೊದಲೇ ನಿದ್ದೆ ಹೋದಳು.

ಒಂದು ಗಂಟೆ ಬಿಟ್ಟೆ. ಎರಡು ಸಲ ಹಚ್ಚಿದೆ. ನೀರು ಮೊದಲು ಕಂದು, ಆಮೇಲೆ ಚಹಾ, ಆಮೇಲೆ ತಿಳಿ. ಈ ಸಲ ಅರ್ಧ ಗಂಟೆ ತೊಳೆದೆ, ತಪ್ಪು ಮಾಡಲಿಲ್ಲ. ಬಿಳಿ ಬಂತು. ನನ್ನದಕ್ಕಿಂತ ಒಳ್ಳೆಯ ಬಿಳಿ. ಇಷ್ಟು ಚೆನ್ನಾಗಿ ಯಾವ ಕಲೆಯನ್ನೂ ತೆಗೆದಿರಲಿಲ್ಲ ನಾನು. ತಲೆ ಒರೆಸಿ ಕನ್ನಡಿ ಹಿಡಿದು ಎಬ್ಬಿಸಿದೆ.

"ಸರ್‌ಪ್ರೈಸ್."

ಕಿರುಚಿದಳು. "ಏನೇ ಮಾಡ್ದೆ? ನಾಳೆ ಬೆಳಗ್ಗೆ ಪಾರ್ಲರಿಗೆ ಮದುಮಗಳು ಬರ್ತಾಳೆ ಅಕ್ಕಾ! ನಿಂಗೇನು ತಲೆ ಕೆಟ್ಟಿದ್ಯಾ? ಒಂದು ಬಣ್ಣಕ್ಕೆ ಇಷ್ಟು ಹಗೆಯಾ?"

"ಒಂದು ಬಣ್ಣವಾ? ಈ ನಾಲ್ಕು ವಾರದಿಂದ ಅಮ್ಮಂಗೆ ನಾನು ಯಾರು ಅಂತ ಗೊತ್ತಿಲ್ಲ. ನಾನು ಅವಳಿಗೆ ಪುಟ್ಟಿ. ಗೊತ್ತಾಯ್ತಾ? ನೀನು! ದಿನಾ ನೀನಾಗಿ ತಿನ್ನಿಸಿದ್ದೀನಿ, ನೀನಾಗಿ ಸ್ನಾನ ಮಾಡ್ಸಿದ್ದೀನಿ. ಈಗ ಹೋಗು, ನಾನಾಗಿ ಹೋಗಿ ಅವಳ ಮುಂದೆ ನಿಲ್ಲು. ಹೇಗಿರುತ್ತೆ ನೋಡು."

"ನಂಗೆ ಯಾಕೆ ಹೇಳ್ಲಿಲ್ಲ ಅಕ್ಕಾ?" ಎಂದಳು. ಕೂಗಾಟಕ್ಕೆ ಅಮ್ಮನಿಗೆ ಎಚ್ಚರವಾಗಿತ್ತು. ನಾನು ತಂಗಿಯ ತೋಳು ಹಿಡಿದು ದರದರನೆ ಎಳೆದುಕೊಂಡು ಹೋಗಿ ಅಮ್ಮನ ಎದುರು ನಿಲ್ಲಿಸಿದೆ. ನಾನು ಬಾಗಿಲ ಪಕ್ಕ ನಿಂತೆ. ಅಮ್ಮ ಹೆದರುವುದನ್ನು ಒಂದು ಚೂರೂ ಬಿಡದೆ ನೋಡಬೇಕಿತ್ತು.

ಅಮ್ಮ ನೋಡಿದಳು. ಬಹಳ ಹೊತ್ತು ನೋಡಿದಳು. ಕೋಲು ಹಿಡಿಯದೆ ಎದ್ದು ಬಂದು ತಂಗಿಯ ಎರಡೂ ಕೈ ಹಿಡಿದುಕೊಂಡಳು.

"ಬಂದ್ಯಾ ದೊಡ್ಡೋಳೇ. ಸದ್ಯ, ಬಂದ್ಯಲ್ಲ."

ಆಮೇಲೆ ನಾನು ಕೇಳಬಾರದೆಂದು ಅವಳ ಕಿವಿಗೆ ಬಾಯಿ ಇಟ್ಟು ಹೇಳಿದಳು. ಅಮ್ಮನ ಪಿಸುಮಾತು ಪಕ್ಕದ ಮನೆಗೂ ಕೇಳುತ್ತದೆ.

"ಒದ್ದೆ ಆಗಿದೆ ಕಣೇ. ಬೆಳಗ್ಗೆಯಿಂದ ಹಾಗೇ ಕೂತಿದ್ದೀನಿ. ಪುಟ್ಟಿ ಮುಂದೆ ಹೇಗೆ ಹೇಳ್ಲಿ, ನಾಚಿಕೆ ಆಗುತ್ತೆ. ಒಳ್ಳೇ ಹುಡುಗಿ, ಪಾಪ, ನಗಿಸ್ತಾಳೆ. ಆದ್ರೆ ಅವಳ ಮುಂದೆ ಮಲಗಕ್ಕಾಗುತ್ತಾ, ನರಳಕ್ಕಾಗುತ್ತಾ? ನೆಟ್ಟಗೆ ಕೂತು ಕೂತು ಸೊಂಟ ಬಿದ್ದುಹೋಯ್ತು. ಯಾವಾಗ ಹೋಗ್ತಾಳೋ ಅಂತ ಕಾಯ್ತಿದ್ದೆ. ನೀನು ಬೈದ್ರೂ ಪರವಾಗಿಲ್ಲ, ಬದಲಾಯಿಸು."

ತಂಗಿಯ ಭುಜದ ಮೇಲೆ ತಲೆ ಇಟ್ಟಳು. ಇಡೀ ಮೈಯ ಭಾರವನ್ನು ಅವಳ ಮೇಲೆ ಬಿಟ್ಟಳು. ಆ ಭಾರ ನನಗೆ ಗೊತ್ತು. ಹನ್ನೊಂದು ವರ್ಷ ದಿನಾ ಅದನ್ನು ಹೊತ್ತು, ಇದೇನು ಇಷ್ಟು ಜೋತು ಬೀಳುತ್ತೀಯ ಎಂದು ಸಿಡುಕಿದ್ದೇನೆ. ನಾಲ್ಕು ವಾರದಿಂದ ಅವಳು ನನ್ನ ಮೇಲೆ ಒರಗಿಯೇ ಇರಲಿಲ್ಲ. ನಾನು ಗಮನಿಸಿಯೇ ಇರಲಿಲ್ಲ.

ತಂಗಿ ನನ್ನ ಕಡೆ ನೋಡಿದಳು. ಏನು ಮಾಡಬೇಕೆಂದು ಅವಳಿಗೆ ಗೊತ್ತಿಲ್ಲ. ಕಪಾಟಿನ ಕೆಳಗಿನ ಖಾನೆಯ ಕಡೆ ಬೆರಳು ತೋರಿಸಿದೆ. ಒಗೆದ ಬಟ್ಟೆ ಅಲ್ಲಿದೆ. ಬೆಚ್ಚನೆಯ ನೀರು ಎಂದು ಸನ್ನೆ ಮಾಡಿದೆ. ಅವಳು ಅಳುತ್ತಲೇ ತಲೆ ಆಡಿಸಿದಳು.

ಆಗ ಅಮ್ಮ ತಲೆ ಎತ್ತಿದಳು. ನನ್ನನ್ನು ನೋಡಿ, ಮನೆಗೆ ಬಂದವರಿಗೆ ನಗುವ ಹಾಗೆ ನಕ್ಕಳು.

"ಪುಟ್ಟಿ, ನೀನಿನ್ನು ಹೊರಡಮ್ಮ. ತುಂಬಾ ದಿನ ಇದ್ದೆ. ನಿನ್ನ ಮನೇಲಿ ಕಾಯ್ತಿರ್ತಾರೆ. ನನಗಿನ್ನೇನೂ ಯೋಚನೆ ಇಲ್ಲ, ದೊಡ್ಡೋಳು ಬಂದ್ಲಲ್ಲ."

"ಅಮ್ಮಾ," ಎಂದೆ. ಸ್ಕಾರ್ಫು ಕಿತ್ತು ಬುಡದ ಬಿಳಿ ತೋರಿಸೋಣವೆಂದು ಕೈ ಎತ್ತಿದೆ. ಅಮ್ಮ ಒದ್ದೆಯಲ್ಲಿ ನಡುಗುತ್ತಿದ್ದಳು. ತಂಗಿಯ ಕೈ ಬಿಡಲೊಲ್ಲದೆ ಹಿಡಿದುಕೊಂಡಿದ್ದಳು.

"ಸರಿ ಅಮ್ಮ, ಹೋಗ್ಬರ್ತೀನಿ," ಎಂದೆ. ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ.

ಮೆಟ್ಟಿಲಿನ ಮೇಲೆ ನಿಂತು ಕೇಳಿಸಿಕೊಂಡೆ. ಖಾನೆ ಎಳೆದ ಸದ್ದು, ನೀರಿನ ಸದ್ದು. ತಂಗಿಗೆ ಏನೋ ಸಿಗಲಿಲ್ಲವೇನೋ, ಬಾಯಿ ತಪ್ಪಿ "ಅಕ್ಕಾ" ಎಂದು ಕೂಗಿದಳು.

"ಯಾರನ್ನ ಕರೀತಿದ್ದೀಯಾ?" ಎಂದಳು ಅಮ್ಮ. "ಪುಟ್ಟಿ ಹೋದ್ಲೋ ಇಲ್ವೋ, ನೋಡು."

ತಂಗಿ ಬಾಗಿಲಿಗೆ ಬಂದಳು. ಬಿಳಿ ತಲೆ, ಒದ್ದೆ ತೋಳು, ಕೈಯಲ್ಲಿ ಅಮ್ಮನ ಬಟ್ಟೆ. ಎರಡು ಮೆಟ್ಟಿಲು ಕೆಳಗೆ ನಿಂತಿದ್ದ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಹೂಂ, ಹೇಳು ಎಂದು ನಾನೇ ತಲೆ ಆಡಿಸಿದೆ.

"ಹೋದ್ಲಮ್ಮ," ಎಂದಳು.

"ಹಾಗಾದ್ರೆ ಚಿಲಕ ಹಾಕು," ಎಂದಳು ಅಮ್ಮ. ತಂಗಿ ಹಾಕಿದಳು.